ಪಟ್ಟದ ಆವಿಗೆ ಬೀಗವಿಲ್ಲ

ದಿಂಡಿಗಲ್ಲಿನ ಬೀಗಕ್ಕೆ ಒಂದು ಕಂಠವುಂಟು. ಕೀಲಿ ತಿರುಗಿದೊಡನೆ ಅದು ಮುದುಕನಂತೆ ಕೆಮ್ಮುತ್ತದೆ. ಬಾಗಿಲ ಹೊರಗೆ ನಿಂತವನಿಗೆ ಆ ಕೆಮ್ಮೇ ಮಂಗಳವಾದ್ಯ. ಒಳಗೆ ಕೂತು ಕೇಳಿದರೆ ಹೇಗಿರುತ್ತದೆಂಬ ಜಿಜ್ಞಾಸೆ ಮಾತ್ರ, ಅಷ್ಟು ವರ್ಷ ಬೀಗ ಜಡಿದ ನನಗೆ ಒಮ್ಮೆಯೂ ಹುಟ್ಟಿರಲಿಲ್ಲ.

ಬೀಗ ತಂದದ್ದು ಮಗಳು ಕೆಂಪಕ್ಕನಿಗಾಗಿ. ಅವಳ ಬುದ್ಧಿ ತನ್ನದೇ ನಿಧಾನದಲ್ಲಿ ಬೆಳೆಯುತ್ತಿತ್ತು. ನಡಿಗೆ ತಡ, ಮಾತು ಇನ್ನೂ ತಡ. ಸೆರಗಿಗೆ ಒಂದು ಗಂಟು ಹಾಕಲು ಕೂತರೆ ಬೆಳಗಿನ ಗಂಜಿ ಆರಿ, ನೊಣಗಳ ಪಾಲಾಗುತ್ತಿತ್ತು. ಆದರೆ ಅವಳು ಹಾಕಿದ ಗಂಟನ್ನು ನಾನು ಹಲ್ಲಿನಿಂದಲೂ ಬಿಚ್ಚಲಾರೆ. ಒಮ್ಮೆ ಬತ್ತಲಗುಂಡಿನ ಸಂತೆಗೆ ಹೊರಟ ಗಾಡಿಯ ಹಿಂದೆ ಸದ್ದಿಲ್ಲದೆ ನಡೆದುಬಿಟ್ಟಳು. ಅಂದಿನಿಂದ ನಾನೂ ಹೆಂಡತಿಯೂ ಹೊಲಕ್ಕೆ ಹೋಗುವಾಗಲೆಲ್ಲ, "ಇಲ್ಲೇ ಇರು ತಾಯಿ, ಎಲ್ಲೂ ಓಗ್ಬ್ಯಾಡ, ಬಂದ್ಬುಡ್ತೀನಿ" ಎಂದು ಕೀಲಿ ತಿರುಗಿಸುತ್ತಿದ್ದೆ. ನಾವು ಕಣ್ಮುಚ್ಚಿದ ಮೇಲೂ ಅವಳು ತಾನಾಗಿ ನಾಲ್ಕು ಬೀದಿ ನಡೆದು ಮನೆಗೆ ಮರಳುವಂತಾಗಬೇಕೆಂಬುದು ನನ್ನ ಏಕೈಕ ಆಸೆ. ಆ ಆಸೆ ಸುರಕ್ಷಿತವಾಗಿರಲೆಂದು ಅದನ್ನೂ ಬೀಗದೊಳಗೇ ಇಟ್ಟಿದ್ದೆ.

ನಮ್ಮ ಕುಲದವರು ಈ ಕಂಬಂ ಕಣಿವೆಗೆ ಬರುವಾಗ ಕನ್ನಡವನ್ನೂ ದನಗಳನ್ನೂ ಒಟ್ಟಿಗೆ ಹೊಡೆದುಕೊಂಡು ಬಂದರಂತೆ. ಕನ್ನಡ ದಾರಿಯಲ್ಲಿ ಕೊಂಚ ಬಡವಾಯಿತು. ದನಗಳು ಮಾತ್ರ ಪುಷ್ಟವಾದವು. ದೇವರಿಗೆ ಬಿಟ್ಟ ಮಂದೆಗೆ ಇಲ್ಲೊಂದು ದೊಡ್ಡಿಯಿದೆ, ಆ ಮಂದೆಗೊಂದು ಹೋರಿ ಅರಸ. ಹೋರಿಯಾದರೂ ನಮ್ಮವರ ಬಾಯಲ್ಲಿ ಅದಕ್ಕೆ ಪಟ್ಟದ ಆವು ಎಂದೇ ಹೆಸರು. ಅದನ್ನು ಕಟ್ಟುವಂತಿಲ್ಲ, ತಡೆಯುವಂತಿಲ್ಲ. ಯಾರ ಅಂಗಳಕ್ಕೆ ಬಂದರೂ ನೀರು ಮೇವಿಟ್ಟು ಕೈಮುಗಿಯಬೇಕು. ಅದು ತೀರಿಕೊಂಡಾಗ ಮಂದೆಯ ಮುಂದೆ ಕಬ್ಬಿಟ್ಟು ನಾವೆಲ್ಲ ಕಣ್ಣುಮುಚ್ಚಿ ನಿಲ್ಲುತ್ತೇವೆ. ಮೊದಲು ಕಬ್ಬಿಗೆ ಬಾಯಿ ಹಾಕಿದ್ದು ಮುಂದಿನ ಅರಸ.

ಆ ವರ್ಷ ಹಳೆಯ ಅರಸ ಕಾಲವಾಗಿ ಸಿಂಹಾಸನ ತೆರವಾಗಿತ್ತು. ಕೆಂಪಕ್ಕನ ಕೈ ಹಿಡಿದುಕೊಂಡು ನಾನೂ ಹೋದೆ. ಉರುಮೆ ಮೊಳಗಿತು. ಕೈಮುಗಿಯಲು ಎರಡೂ ಕೈ ಬೇಕೆಂಬ ಶಾಸ್ತ್ರಸೂಕ್ಷ್ಮ ನನಗೆ ಹೊಳೆದದ್ದೇ ಆಗ. ಅವಳ ಕೈ ಬಿಟ್ಟು ಕಣ್ಣು ಮುಚ್ಚಿದೆ. ಕೊಂಚ ಹೊತ್ತಿಗೆ ಕಬ್ಬು ಲಟಲಟನೆ ಮುರಿದ ಸದ್ದು ಕೇಳಿ, ಭಕ್ತಿಪರವಶನಾದ ಪೂಜಾರಿ ಕಣ್ಣು ತೆರೆಯುವ ಮೊದಲೇ ಆ ದಿಕ್ಕಿಗೆ ಪಟ್ಟಾಭಿಷೇಕದ ಅರಿಶಿನದ ನೀರೆರಚಿಬಿಟ್ಟ. ನೋಡಿದರೆ, ಅರಿಶಿನದಲ್ಲಿ ತೊಯ್ದ ನನ್ನ ಮಗಳು ಮಂದೆಯ ನಡುವೆ ನಿಂತು, ಅರ್ಧ ಕಬ್ಬನ್ನು ತಾನು ಜಗಿಯುತ್ತ, ಉಳಿದರ್ಧವನ್ನು ಒಂದು ಕೆಂದ ಹೋರಿಯ ಬಾಯಿಗಿಡುತ್ತಿದ್ದಳು.

ಆಮೇಲೆ ನಡೆದ ಮೀಮಾಂಸೆಯನ್ನು ಏನೆಂದು ವರ್ಣಿಸಲಿ. ಹುಡುಗಿ ಮಂದೆಗೆ ಸೇರಿದವಳಲ್ಲವೆಂದು ಒಬ್ಬರು. ಆ ಹೊತ್ತಿಗೆ ಮಂದೆಯಲ್ಲೇ ಇದ್ದಳಲ್ಲ ಎಂದು ಮತ್ತೊಬ್ಬರು. ಇನ್ನೊಂದು ಕಬ್ಬಿಡೋಣವೆಂದರೆ ದೇವರನ್ನು ಎರಡು ಸಲ ಕೇಳುವುದು ಅಪಚಾರ. ಕೊನೆಗೆ ಹೋರಿಯ ಅಭಿಪ್ರಾಯವನ್ನೇ ವಿನಯದಿಂದ ಕೇಳಲಾಯಿತು. ಅದು ಗಂಜಲ ಹುಯ್ದಿತು, ಎರಡೂ ಪಕ್ಷದವರು ಅದನ್ನು ತಮಗೆ ಸಿಕ್ಕ ಸಾಕ್ಷ್ಯವೆಂದು ಸ್ವೀಕರಿಸಿದರು. ನಾನು ನಾಚಿಕೆಯಿಂದ ಕುಗ್ಗಿ, ಮಗಳನ್ನು ಎಳೆದುಕೊಂಡು ಹೋಗಿ ಬೀಗ ಹಾಕಲು ಹೊರಟಿದ್ದೆ. ಅಷ್ಟರಲ್ಲಿ ಊರ ಗೌಡರು ವೀಳ್ಯ ಉಗಿದು ತೀರ್ಪು ಕೊಟ್ಟರು.

"ಕಬ್ಬ ಮೊದ್ಲು ತಿಂದದ್ದು ಪಟ್ಟದ ಆವು. ಅದ್ಕೆ ಎಷ್ಟು ಕಾಲಿರ್ಬೇಕು ಅಂತ ನಮ್ಮ ಮುತ್ತೋರು ಯೋಳಿಲ್ಲ. ಮಂದೆ ಓರೀಗೆ, ಮರ್ಯಾದೆ ಇಬ್ಬರ್ಗೂ. ಕೂಸ ಇನ್ನು ಯಾರೂ ಕಟ್ಟಂಗಿಲ್ಲ, ಪೂಟ್ಟು ಆಕಂಗಿಲ್ಲ."

ಪೂಟ್ಟು ಎಂದರೆ ಬೀಗ. ಎಲ್ಲರೂ ನನ್ನತ್ತ ತಿರುಗಿದರು.

ಮಾರನೆಯ ದಿನದಿಂದ ಅರಸಿಯ ಸಂಚಾರ ಆರಂಭವಾಯಿತು. ಅವಳು ಮುಂದೆ; ಕಳ್ಳಿಯ ಬೇಲಿಗಳ ಮರೆಯಲ್ಲಿ ಬಾಗಿ, ಮುಳ್ಳಿಗೆ ಪಂಚೆ ಕೊಡುತ್ತ ನಾನು ಹಿಂದೆ. ಅಂಗಳ ಅಂಗಳದಲ್ಲೂ ಅವಳಿಗೆ ಮಜ್ಜಿಗೆ, ಬೆಲ್ಲ, ಮುಂದಿನ ತಿರುವು ಯಾವ ಕಡೆಗೆಂಬ ಸೂಚನೆ. ನನಗೆ, ಏನು ಕಳೆದುಕೊಂಡಿರಿ ಎಂಬ ಪ್ರಶ್ನೆ. ಹೀಗೆ ಮಜ್ಜಿಗೆಯ ಮನೆ, ಬೆಲ್ಲದ ಮನೆ ಎಂದು ಗುರುತಿಟ್ಟುಕೊಂಡು ಅವಳು ದೊಡ್ಡಿಯ ದಾರಿ ಕಲಿತಳು. ಅಲ್ಲಿ ಕರುಗಳಿಗೆ ನೀರು ಕುಡಿಸುವುದನ್ನು ಕಲಿತಳು, ಹಗ್ಗಕ್ಕೆ ಗಂಟು ಹಾಕುವ ಕೆಲಸ ಪೂರ್ತಿ ಅವಳದೇ ಆಯಿತು. ದೊಡ್ಡಿಯ ತುಂಟ ಕರುಗಳೂ ಆ ಗಂಟಿಗೆ ತಲೆಬಾಗಿದವು. ನನಗೆ ಹೆಮ್ಮೆಯಾಯಿತು, ಭಯವೂ ಆಯಿತು. ಬೇಲಿಯ ಮರೆಯಲ್ಲಿ ಹಿಂಬಾಲಿಸುವುದನ್ನು ಬಿಡಲು ಮಾತ್ರ ಮನಸ್ಸಾಗಲಿಲ್ಲ.

ಅದು ಅವಳಿಗೆ ತಿಳಿಯದೆ ಇರುತ್ತದೆಯೇ? ಒಂದು ಬೆಳಿಗ್ಗೆ ನಾನು ಪಂಚೆ ಬಿಗಿಯುತ್ತಿರುವಾಗ ಬಾಗಿಲು ಮುಚ್ಚಿಕೊಂಡಿತು. ಬೀಗದ ಪಾಠವನ್ನು ನಾನೇ ಒಂದು ದಿನವೂ ತಪ್ಪದೆ ಅವಳಿಗೆ ಮಾಡಿದ್ದೆನಲ್ಲ.

"ಇಲ್ಲೇ ಇರಪ್ಪಾ. ಎಲ್ಲೂ ಓಗ್ಬ್ಯಾಡ. ಬಂದ್ಬುಡ್ತೀನಿ."

ಬೀಗ ಕೆಮ್ಮಿತು. ಹೊರಗೆ ಅಂಗಳದಲ್ಲಿ ಸಜ್ಜೆ ಕುಟ್ಟುತ್ತಿದ್ದ ನನ್ನ ಹೆಂಡತಿ ಒನಕೆ ಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಈಗ ಅದು ನಿತ್ಯದ ವ್ರತ. ಕೀಲಿ ಅವಳ ಸೆರಗಿನ ಗಂಟಿನಲ್ಲಿದೆ, ಆದ್ದರಿಂದ ಮರಳಿ ಪಡೆಯುವ ಮಾತೇ ಇಲ್ಲ. ಒಳಗಿನಿಂದ ಕೇಳಿದರೆ ಆ ಕೆಮ್ಮು ಅಷ್ಟೇನೂ ಮಂಗಳವಲ್ಲ, ಓದುಗರೇ. ಆದರೆ ಅದರ ಬೆನ್ನಿಗೇ ಒಂದು ಹೆಜ್ಜೆಸದ್ದು, ಆತುರವಿಲ್ಲದೆ, ಬೀದಿಯ ತಿರುವು ದಾಟಿಹೋಗುತ್ತದೆ. ಆಮೇಲೆ ನಾನು ಬಾಗಿಲಿಗೆ ಕಿವಿಗೊಟ್ಟು, ಬೀಗ ಇನ್ನೊಮ್ಮೆ ಕೆಮ್ಮುವವರೆಗೂ, ಹೇಳಿದ ಮಾತು ಕೇಳಿಕೊಂಡು ಇಲ್ಲೇ ಇರುತ್ತೇನೆ.