ವೀಳ್ಯದೆಲೆಯಲ್ಲಿ ಇಟಲಿಯ ಗಡಿ

ಚನ್ನರಾಯಪಟ್ಟಣದ ಪಾಲಾಕ್ಷಯ್ಯನದು ತೆಂಗಿನಕಾಯಿ ಮಂಡಿ ಅಂತ ಹೆಸರಿಗೆ. ಕಾಯಿ ಆರಿಸಿ ಗಾಡಿಗೆ ಹಾಕಿಸುತ್ತಿದ್ದವಳು ಹೆಂಡತಿ ಬಸವಲಿಂಗಮ್ಮ. ಆತ ಗಲ್ಲಾಪೆಟ್ಟಿಗೆಯ ಪಕ್ಕ ಪೇಪರು ಹರವಿಕೊಂಡು ಯುದ್ಧ ನಡೆಸುತ್ತಿದ್ದ. ಲೋಕದಲ್ಲಿ ಯುದ್ಧ ಮುಗಿದರೂ ಆತನದು ಮುಗಿಯಲಿಲ್ಲ. ಯುದ್ಧಕಾಲದಲ್ಲಿ ಇಂಗ್ಲಿಷರು ಬೆಂಗಳೂರಿಗೆ ತಂದಿಟ್ಟಿದ್ದ ಇಟಲಿಯ ಸೆರೆಯಾಳೊಬ್ಬ ಒಮ್ಮೆ ಈತನ ಹತ್ತಿರ ಬೀಡಿ ಇಸಕೊಂಡು ಸಲಾಮು ಹೊಡೆದಿದ್ದನಂತೆ. ಅಂದಿನಿಂದ ಇಟಲಿ ಈ ಮಹಾರಾಯನಿಗೆ ಸೋದರಮಾವನ ಮನೆಯಾಯಿತು. ತನ್ನ ಹಿತ್ತಲ ಬೇಲಿ ಬಿದ್ದು ಎಮ್ಮೆ ನುಗ್ಗಿದರೂ ಏಳದವನು ಇಟಲಿಯ ಗಡಿ ಕಾಯುತ್ತಿದ್ದ.

ಮಗಳು ಕಮಲಾಕ್ಷಿಗೆ ಬಂದಿದ್ದ ಅರಕಲಗೂಡಿನ ಸಂಬಂಧ ಇವನ ಬಾಯಿಂದಲೇ ತಪ್ಪಿತ್ತು. ಹುಡುಗನ ಚಿಕ್ಕಪ್ಪ ಇಟಲಿಯವರನ್ನು ಹೇಡಿಗಳು ಅಂದನೆಂದು ಊಟದ ಎಲೆಯ ಮುಂದೆ ಕೂತವನನ್ನೇ ಎಬ್ಬಿಸಿ ಕಳಿಸಿದ್ದ.

ನಲವತ್ತೇಳರ ಮಾಘದಲ್ಲಿ ಹೊಳೆನರಸೀಪುರದ ಭತ್ತದ ವ್ಯಾಪಾರಿ ಪರಮಶಿವಯ್ಯ, ಹೆಂಡತಿ ನೀಲಾಂಬಿಕೆಯ ಜೊತೆ ಒಪ್ಪುವೀಳ್ಯಕ್ಕೆ ಬಂದ. ಹುಡುಗ ಗುಣವಂತ, ಮನೆತನ ಗಟ್ಟಿ. ತಂದೆಯರಿಬ್ಬರು ವೀಳ್ಯದ ತಟ್ಟೆ ಬದಲಾಯಿಸಿಕೊಂಡರೆ ಮದುವೆ ಗೊತ್ತಾದ ಹಾಗೆ. ಈ ಸಲವೂ ತಪ್ಪಿದರೆ ಮಗಳಿಗೇ ಏನೋ ಐಬು ಅಂತ ಊರು ಆಡಿಕೊಳ್ಳುತ್ತದೆಂದು ಬಸವಲಿಂಗಮ್ಮ ಒಳಬಾಗಿಲಲ್ಲಿ ನಿಂತು ಗಂಡನ ಬಾಯನ್ನೇ ನೋಡುತ್ತಿದ್ದಳು.

ಪರಮಶಿವಯ್ಯನೂ ಅದೇ ತಳಿ. ಪ್ಯಾರಿಸಿನಲ್ಲಿ ಸಂಧಿಪತ್ರಕ್ಕೆ ರುಜು ಬಿದ್ದು, ಇಟಲಿಯ ಒಂದಷ್ಟು ಸೀಮೆ ಪಕ್ಕದ ಯುಗೋಸ್ಲಾವಿಯಕ್ಕೆ ಹೋಯಿತೆಂದು ಮಾತು ತೆಗೆದ. ಹೋದದ್ದೇ ನ್ಯಾಯ ಅಂತಲೂ ಸೇರಿಸಿದ. ಪಾಲಾಕ್ಷಯ್ಯ ತಾನು ಕೊಡಬೇಕಿದ್ದ ತಟ್ಟೆ ಎಳೆದುಕೊಂಡು ಜಮಖಾನದ ಮೇಲೆ ಎಲೆ ಜೋಡಿಸತೊಡಗಿದ. ಈ ಸಾಲು ಇಟಲಿ, ಆ ಸಾಲು ಯುಗೋಸ್ಲಾವಿಯ, ನಡುವಿನ ಬಟ್ಟಲಡಿಕೆ ಟ್ರಿಯೆಸ್ಟ್ ಎಂಬ ರೇವುಪಟ್ಟಣ. ಪರಮಶಿವಯ್ಯ ಅಡಿಕೆಯನ್ನು ಆಚೆ ದೂಡಿದ, ಈತ ಈಚೆ ಎಳೆದ. ಆ ಊರನ್ನು ಎರಡು ದೇಶಕ್ಕೂ ಕೊಡದೆ ಬೇರೆಯಾಗಿ ಇಡುತ್ತಾರೆಂದು ಪೇಪರಿನಲ್ಲೇ ಇತ್ತು. ಓದಿದ ಇಬ್ಬರಿಗೂ ಅದು ಬೇಕಿರಲಿಲ್ಲ.

"ಅಡ್ಕೆ ಈಚೆಗಿಡಿ, ತಟ್ಟೆ ಕೊಡ್ತೀನಿ," ಅಂದ ಪಾಲಾಕ್ಷಯ್ಯ.

"ನಿಮ್ಮ ತಟ್ಟೆ ನೀವೇ ಮಡೀಕಳಿ. ನಮ್ಮ ಹುಡುಗಂಗೆ ಹೆಣ್ಣಿಗೇನು ಬರ?" ಪರಮಶಿವಯ್ಯ ಶಲ್ಯ ಕೊಡವಿ ಎದ್ದ.

ಬಸವಲಿಂಗಮ್ಮ ಪಡಸಾಲೆಗೆ ಬಂದಳು. ಎರಡು ರಾಜ್ಯಗಳನ್ನೂ ಒಂದೇ ಕೈಲಿ ಬಾಚಿ ತಟ್ಟೆಗೆ ಹಾಕಿದಳು. ಹೆಂಗಸರು ಒಪ್ಪುವೀಳ್ಯ ಕೊಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಆದರೂ ನೀಲಾಂಬಿಕೆಯ ಎದುರು ಕೂತು ತಟ್ಟೆ ನೀಡಿದಳು.

"ಅಕ್ಕಯ್ಯ, ಇವರಿಬ್ಬರೂ ಕಣ್ಣಲ್ಲೂ ಕಾಣದ ಊರಿಗೋಸ್ಕರ ನಮ್ ಮಕ್ಳ ಮದ್ವೆ ಯಾಕೆ ನಿಲ್ಬೇಕು? ಇಸ್ಕಳಿ."

ನೀಲಾಂಬಿಕೆ ಗಂಡನ ಮುಖ ನೋಡಲಿಲ್ಲ. ಸೆರಗೊಡ್ಡಿ ಇಸಕೊಂಡು ತಾನು ತಂದಿದ್ದ ತಟ್ಟೆಯನ್ನು ಕೊಟ್ಟಳು. ಆಮೇಲೆ ಗಂಡನಿಗೆ, "ಕೂತ್ಕಳಿ, ಪಾಯ್ಸ ಆರೋಯ್ತದೆ," ಅಂದಳು. ಶಲ್ಯ ಹೆಗಲಲ್ಲೇ ಇದ್ದ ಹಾಗೆ ಆತ ಕೂತ.

ವೀರರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡರು. ಪಾಯಸ ಎರಡನೇ ಸಲ ಬಂದಾಗ ಮಾತ್ರ ಇಬ್ಬರೂ ಬೇಡ ಅನ್ನಲಿಲ್ಲ.

ಮದುವೆ ಫಾಲ್ಗುಣದಲ್ಲಿ ಸಾಂಗವಾಗಿ ಆಯಿತು. ಆ ಸಂಬಂಧ ತಾನೇ ಕುದುರಿಸಿದ್ದೆಂದು ಪಾಲಾಕ್ಷಯ್ಯ ಸಾಯುವ ತನಕ ಮಂಡಿಗೆ ಬಂದವರಿಗೆಲ್ಲ ಹೇಳಿದ. ಬಸವಲಿಂಗಮ್ಮ ಅಲ್ಲ ಅನ್ನಲಿಕ್ಕೂ ಹೋಗಲಿಲ್ಲ. ಬಾಗಿಲಲ್ಲಿ ಅವಳು ತುಂಬಿಸಬೇಕಾದ ಕಾಯಿ ಗಾಡಿ ನಿಂತಿರುತ್ತಿತ್ತು.