ಏಳು ತುತ್ತೂರಿ, ಮೂರು ಉಸಿರು

ನಮ್ಮ ವಾದ್ಯ ತಂಡದಲ್ಲಿ ಹನ್ನೆರಡು ಜನ. ಅವರಲ್ಲಿ ಏಳು ಜನರ ಕೈಯಲ್ಲಿ ತುತ್ತೂರಿ. ಇದೇನು ಹುಚ್ಚು ಎನ್ನಬೇಡಿ. ಕೈರೋದ ಮೊಹಮ್ಮದ್ ಅಲಿ ಬೀದಿಗೆ ತಂಡ ಗೊತ್ತುಮಾಡಲು ಬರುತ್ತಿದ್ದವರು ರಾಗ ಕೇಳುತ್ತಿರಲಿಲ್ಲ, ತಲೆ ಎಣಿಸುತ್ತಿದ್ದರು. "ಪಕ್ಕದ ಓಣಿಯ ಕಟುಕನ ಮಗಳಿಗೆ ಐದು ತುತ್ತೂರಿ ಬಂದಿತ್ತು, ನಮಗೆ ಏಳು ಬೇಕು" ಎನ್ನುವರು. ತುತ್ತೂರಿ ಬಿಸಿಲಿಗೆ ಹೊಳೆಯುತ್ತದೆ, ದೂರದಿಂದಲೇ ಕಾಣುತ್ತದೆ. ನನ್ನ ಡೋಲಿಗೆ ಆ ಭಾಗ್ಯವಿಲ್ಲ.

ಆದರೆ ಏಳೂ ಒಟ್ಟಿಗೆ ಊದಿದರೆ ಮದುವೆಗೆ ಬಂದವರು ಊಟ ಬಿಟ್ಟು ಓಡಬೇಕಾಗುತ್ತಿತ್ತು. ಅದಕ್ಕೇ ನಾವು ಮುಅಲ್ಲಿಮ್ ಎಂದು ಕರೆಯುತ್ತಿದ್ದ ಯಜಮಾನ ಕುರ್ನಿಯ ಕಟ್ಟಪ್ಪಣೆ: ಮೂವರು ಊದಬೇಕು, ನಾಲ್ವರು ಹೊಳೆಯಬೇಕು. ಆ ನಾಲ್ವರನ್ನು ನಮ್ಮ ಬೀದಿಯ ವಾದ್ಯದವರು ತಮ್ಮತಮ್ಮಲ್ಲೇ ‘ಸಂಗೀತ ತೊಟ್ಟವರು’ ಎನ್ನುತ್ತಿದ್ದರು. ಬಂಗಾರದ ಅಂಚಿನ ಕೋಟು ತೊಟ್ಟು, ತುತ್ತೂರಿಗೆ ತುಟಿ ಹಚ್ಚಿ, ಕೆನ್ನೆ ಉಬ್ಬಿಸಿ ನಡೆದರೆ ಅವರ ಕೆಲಸ ಮುಗಿಯಿತು. ಹುಮ್ಮಸ್ಸಿನಲ್ಲಿ ಯಾರಾದರೂ ಊದಿಬಿಟ್ಟಾರೆಂದು ಅವರ ತುತ್ತೂರಿಗೆ ತುಟಿಯಿಡುವ ಕಡೆಯ ಮೂತಿಗೆ ಮೇಣ ತುಂಬುತ್ತಿದ್ದೆವು. ತುಂಬುತ್ತಿದ್ದವನು ನಾನೇ. ವಾದ್ಯದ ಪೆಟ್ಟಿಗೆಯ ಬೀಗದ ಕೈಯೂ ನನ್ನ ಹತ್ತಿರವೇ ಇರುತ್ತಿತ್ತು.

ಜೆನ್ಹೋಮ್ ಹಾಗೆ ಸಂಗೀತ ತೊಟ್ಟವನು. ಹೊಟ್ಟೆಪಾಡಿಗೆ ಇಸ್ತ್ರಿ ಅಂಗಡಿ. ಬಾಯಿ ತುಂಬ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಮಂಜಿನಂತೆ ಉಗುಳಿ, ನಮ್ಮ ಕಡೆಯ ಇಸ್ತ್ರಿಯವರಂತೆ ಕಾಲಿನಿಂದ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದ. ನಮ್ಮ ಕೋಟುಗಳನ್ನು ತಂದುಕೊಡಲು ಬಂದವನ ಕೆನ್ನೆ ನೋಡಿ ಕುರ್ನಿ ಅಲ್ಲೇ ತಂಡಕ್ಕೆ ಸೇರಿಸಿಕೊಂಡಿದ್ದ. ಉಳಿದ ಮೂವರು ಸುಮ್ಮನೆ ಉಬ್ಬುತ್ತಿದ್ದರು, ಇವನ ಬೆರಳು ಮಾತ್ರ ಒತ್ತುಗುಂಡಿಗಳ ಮೇಲೆ ರಾಗ ತಪ್ಪದೆ ಓಡುತ್ತಿತ್ತು. ಹದಿನಾಲ್ಕು ವರ್ಷ, ಊದುವ ಮೂವರಲ್ಲಿ ಮೊದಲಿಗನಾದ ಫಂಗರಿಯ ಬೆರಳನ್ನೇ ನೋಡುತ್ತ ಕಲಿತದ್ದು ಅದು.

ಅವನು ನಿಜಕ್ಕೂ ಊದಬಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಒಂದು ಶುಕ್ರವಾರ ಮಧ್ಯಾಹ್ನ ನೈಲ್ ದಂಡೆಯಲ್ಲಿ, ದೋಣಿ ರಿಪೇರಿ ಮಾಡುವ ಜಾಗದಲ್ಲಿ, ಒಂದು ಹಳೆಯ ತುತ್ತೂರಿಯ ಮೇಣ ತೆಗೆಸಿಕೊಂಡು ನನ್ನ ಮುಂದೆ ಊದಿದ್ದ. ಮದುಮಗಳ ಸಾಮಾನಿನ ಮೆರವಣಿಗೆಗೆ ನುಡಿಸುವ ರಾಗ. ದನಿ ಸ್ವಲ್ಪ ತೆಳು, ಆದರೆ ಶುದ್ಧ. ದೋಣಿಗೆ ಬಡಗಿ ಕೆಲಸ ಮಾಡುತ್ತಿದ್ದವರು ಸುತ್ತಿಗೆ ಕೆಳಗಿಟ್ಟು ಕೇಳಿದರು.

ರಾಜ ದೇಶ ಬಿಟ್ಟುಹೋದ ಎರಡು ವರ್ಷಕ್ಕೆ ಜೆನ್ಹೋಮನ ಒಬ್ಬಳೇ ಮಗಳು ಇನ್ಷಿರಾಹಳ ಮದುವೆ ಗೊತ್ತಾಯಿತು. ತಂಡ ನಮ್ಮದೇ. ಒಂದು ವಾರ ಮೊದಲು ಜೆನ್ಹೋಮ್ ನನ್ನ ಪಕ್ಕ ಬಂದು ಕುಳಿತ.

"ಬಯ್ಯೂಮಿ, ನಮ್ಮ ಓಣಿಯವರೆಲ್ಲ ನನ್ನನ್ನ ವಾದ್ಯದವನು ಅಂತಾನೇ ಅಂದ್ಕೊಂಡಿದಾರೆ. ಮಗಳೂ ಅಷ್ಟೇ. ಚಿಕ್ಕೋಳಿದ್ದಾಗ ನನ್ನ ಹಿಂದೇನೇ ಬಂದು, ಆ ಸದ್ದು ನಮ್ಮಪ್ಪಂದು ಅಂತ ಎಲ್ಲರಿಗೂ ತೋರಿಸ್ತಿದ್ಲು."

"ಅದಕ್ಕೇನೀಗ?"

"ಅವತ್ತೊಂದಿನ ಮೇಣ ಬೇಡ. ಮೂವರ ಜೊತೆ ಸೇರ್ಕೊಂಡು ಮೆಲ್ಲಗೆ ಊದ್ತೀನಿ. ಯಾರಿಗೂ ಗೊತ್ತಾಗಲ್ಲ. ಮಗಳು ಮನೆ ಬಿಟ್ಟು ಹೋಗೋ ಮುಂಚೆ ಆ ಸುಳ್ಳು ಒಂದಿನಕ್ಕಾದ್ರೂ ನಿಜ ಆಗ್ಲಿ."

ಆಗಲಿ ಎಂದೆ. ಮೆರವಣಿಗೆಯ ಹಿಂದಿನ ಸಂಜೆಯೇ ಮೇಣ ಕೆದಕಿ ತೆಗೆದು, ಹೋಗಿ ತಿಳಿಸಿದೆ. ಅವನು ಖುಷಿ ತಡೆಯಲಾರದೆ ಊದುವ ಮೂವರಿಗೂ ಹೇಳಿಬಿಟ್ಟ.

ಮರುದಿನ ಹೊರಡುವ ಮುಂಚೆ ಮುಅಲ್ಲಿಮ್ ಕುರ್ನಿ ಪೆಟ್ಟಿಗೆಯ ಮೇಲೆ ಬಾಗಿದ. ಬೀಗರು ದೊಡ್ಡ ವ್ಯಾಪಾರಸ್ಥರು, ಅವನಿಗೆ ಅಂಜಿಕೆ. ಒಂದೊಂದೇ ಮೂತಿ ಬಿಚ್ಚಿ ಕಣ್ಣಿಗಿಟ್ಟು ನೋಡಿದ.

"ಇದರಲ್ಲಿ ಬೆಳಕು ಕಾಣ್ತಿದೆಯಲ್ಲೋ."

"ಮರೆತೆ ಮುಅಲ್ಲಿಮ್."

"ಕೆಳಗೆ ಕಾಫಿ ಅಂಗಡೀಲಿ ಹತ್ತು ಜನ ಡೋಲಿನೋರು ನೊಣ ಹೊಡೀತಾ ಕೂತಿದಾರೆ. ಅವರ್ಯಾರೂ ಮರೆಯಲ್ಲ."

ಅವನ ಎದುರಿಗೇ ಮೇಣ ತುಂಬಿದೆ. ಅಷ್ಟು ಹೊತ್ತಿಗೆ ಜೆನ್ಹೋಮ್ ಕೋಟಿನ ಇಸ್ತ್ರಿಗೆರೆ ಕೆಡದಂತೆ ಮೆಟ್ಟಿಲು ಹತ್ತಿ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. "ಬೆಳಗ್ಗೆಯಿಂದ ತುಟಿ ಒಣಗ್ತಿದೆ ಕಣೋ" ಎಂದು ಕಿವಿಯಲ್ಲಿ ಉಸುರಿದ. ಆಗ ಹೇಳಬೇಕಿತ್ತು. ನಾನು ಹೇಳಲಿಲ್ಲ. ಮೂರು ತುತ್ತೂರಿಯ ಗದ್ದಲದಲ್ಲಿ ಇವನದು ಊದಿದರೇನು ಬಿಟ್ಟರೇನು, ಆಮೇಲೆ ನಾಲ್ಕು ಮಾತು ಬೈಸಿಕೊಂಡರಾಯಿತು ಎಂದುಕೊಂಡೆ. ಹೇಡಿತನಕ್ಕೆ ನೆಪ ಹುಡುಕುವುದರಲ್ಲಿ ನಾನು ಜಾಣ.

ಜೆನ್ಹೋಮನ ಓಣಿಯಲ್ಲಿ, ಮಗಳ ಗಂಡನ ಮನೆಗೆ ಹೋಗುವ ಮಂಚ, ಹಾಸಿಗೆ, ತಾಮ್ರದ ಕೊಪ್ಪರಿಗೆ ಎಲ್ಲ ಗಾಡಿಗೇರಿತ್ತು. ಕುರ್ನಿ ಕೋಲು ಬೀಸುತ್ತ ತೀರ ಮುಂದಿದ್ದ. ರಾಗ ಶುರುವಾಗುತ್ತಲೇ ಇನ್ಷಿರಾಹ್ ಮೇಲಿನ ಕಿಟಕಿಯಿಂದ ಬಗ್ಗಿ ಕೂಗಿದಳು.

"ಅಪ್ಪಾ, ನೀನೊಬ್ಬನೇ ಊದಪ್ಪ. ನಂಗೋಸ್ಕರ."

ಫಂಗರಿ ಒಳ್ಳೆಯವನು. ಕಣ್ಣು ಮಿಟುಕಿಸಿ ತುತ್ತೂರಿ ಕೆಳಗಿಳಿಸಿದ. ಉಳಿದಿಬ್ಬರೂ ಇಳಿಸಿದರು. ನನ್ನ ಕೈಯೂ ನಿಂತಿತು. ಓಣಿಗೆ ಓಣಿಯೇ ಸ್ತಬ್ಧವಾಯಿತು.

ಜೆನ್ಹೋಮ್ ಊದಿದ. ಕತ್ತಿನ ನರ ಎದ್ದವು, ಕಣ್ಣು ಕೆಂಪಾದವು, ಬೆರಳು ಒಂದೂ ತಪ್ಪದೆ ಓಡಿದವು. ಸದ್ದಿಲ್ಲ. ತುಟಿ ತೆಗೆದು, ಒರೆಸಿಕೊಂಡು, ಮತ್ತೆ ಊದಿದ. ಒತ್ತುಗುಂಡಿಗಳ ಟಿಕ್ ಟಿಕ್ ಮಾತ್ರ ಕೇಳಿಸುತ್ತಿತ್ತು. ಗಾಡಿಯ ಪಕ್ಕದಿಂದ ಯಾರೋ, "ಇಸ್ತ್ರಿಯವನಿಗೆ ಬಾಯಲ್ಲಿ ನೀರಿಲ್ದೆ ಉಸಿರೇ ಬರಲ್ಲ ಕಣ್ರೋ" ಎಂದ. ಜನ ನಕ್ಕರು. ಇನ್ಷಿರಾಹ್ ಮೆಲ್ಲನೆ ಕಿಟಕಿಯಿಂದ ಹಿಂದೆ ಸರಿದಳು. ಆಗ ನಾನು ಡೋಲು ಒಡೆದುಹೋಗುವ ಹಾಗೆ ಬಾರಿಸಿದೆ. ಅದೊಂದು ಉಪಕಾರ ಮಾಡಿದೆ ನೋಡಿ.

ಸಾಮಾನು ಇಳಿಸುವಾಗ ವಾದ್ಯಗಳನ್ನು ಒಟ್ಟುಮಾಡುವವನು ನಾನು. ಬೀಗರ ಮನೆಯ ಮೆಟ್ಟಿಲಡಿ ಕುಳಿತು, ಚೂರಿಯ ತುದಿಯಿಂದ ಅವನ ಮೂತಿಯ ಮೇಣ ಕಿತ್ತು ಜೇಬಿಗೆ ಹಾಕಿಕೊಂಡೆ. ಸಿಕ್ಕಿಬೀಳುವ ಭಯ, ಮತ್ತೇನಿಲ್ಲ. ಕೈ ಒರೆಸಿಕೊಳ್ಳುವಷ್ಟರಲ್ಲಿ ಜೆನ್ಹೋಮ್ ಬಂದ. ತನ್ನ ತುತ್ತೂರಿ ಎತ್ತಿ, ಮೂತಿ ಬಿಚ್ಚಿ, ಎದುರಿನ ಕಿಟಕಿಯ ಕಡೆಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ವಾಪಸ್ಸು ಇಟ್ಟ.

"ಸರಿ ಬಿಡು" ಎಂದ.

ಆಮೇಲೂ ಹನ್ನೊಂದು ವರ್ಷ ಕೋಟು ತೊಟ್ಟು ನಮ್ಮ ಜೊತೆ ನಡೆದ. ಕೆನ್ನೆ ಉಬ್ಬುತ್ತಿತ್ತು, ಬೆರಳು ಅಲ್ಲಾಡುತ್ತಿರಲಿಲ್ಲ. ಫಂಗರಿಯ ಕಡೆ ನೋಡುತ್ತಲೂ ಇರಲಿಲ್ಲ. "ಈಗ ನೋಡು, ಶಿಸ್ತು ಬಂದಿದೆ" ಎಂದು ಕುರ್ನಿ ಮೆಚ್ಚಿಕೊಂಡ. ಅವನ ಹಿಂದೆಯೇ ಡೋಲು ಹೊತ್ತು ನಡೆಯುತ್ತಿದ್ದ ನನಗೆ ಆ ನಿಂತ ಬೆರಳುಗಳು ಕಾಣುತ್ತಿದ್ದವು. ಮನೆಯಲ್ಲಿ ಹೆಂಡತಿ ರೊಟ್ಟಿ ಮುರಿದರೂ ಅವೇ ಕಾಣುತ್ತಿದ್ದವು. ಈಗ ತಂಡವಿಲ್ಲ, ಕುರ್ನಿಯೂ ಇಲ್ಲ. ದಿನವಿಡೀ ರೇಡಿಯೋ ಹಾಕಿಕೊಂಡು ಕೂರುತ್ತೇನೆ. ಎರಡು ಹಾಡಿನ ನಡುವೆ ಸ್ವಲ್ಪ ಹೊತ್ತು ಸದ್ದು ನಿಂತರೆ ಸಾಕು, ಒತ್ತುಗುಂಡಿಗಳ ಟಿಕ್ ಟಿಕ್ ಕೇಳಿಸುತ್ತದೆ, ಎದ್ದು ನಿಲ್ಲುತ್ತೇನೆ.

ಜೆನ್ಹೋಮ್ ಹಾಸಿಗೆ ಹಿಡಿದಾಗ ನೋಡಲು ಹೋದೆ. ಎದೆಯಲ್ಲಿ ಕಫ ಕಟ್ಟಿತ್ತು. ತಂದೆಯ ಆರೈಕೆಗೆ ಇನ್ಷಿರಾಹ್ ಬಂದಿದ್ದಳು. ಅವಳು ಟೀ ಮಾಡಲು ಎದ್ದು ಹೋದಾಗ ಅವನ ಹತ್ತಿರ ಬಾಗಿದೆ.

"ಅವತ್ತು ಮೇಣ ಇತ್ತು ಕಣೋ. ಕುರ್ನಿ ಹೇಳ್ದ, ನಾನೇ ತುಂಬ್ದೆ. ನಿನ್ನ ಉಸಿರಿಗೇನೂ ಆಗಿರಲಿಲ್ಲ."

ಅವನು ನಕ್ಕ. ನನ್ನ ಕೈ ತಟ್ಟಿದ.

"ನನ್ನ ಸಮಾಧಾನಕ್ಕೆ ತಪ್ಪು ನಿನ್ನ ಮೇಲೆ ಹಾಕ್ಕೋತೀಯಾ ಬಯ್ಯೂಮಿ? ಮೊದಲು ನಂಗೂ ಅದೇ ಅನುಮಾನ ಬಂದಿತ್ತು. ನಿನ್ನಂಥೋನ ಮೇಲೆ ಅನುಮಾನಪಟ್ಟೆನಲ್ಲ ಅಂತ ಆಮೇಲೆ ನಾಚಿಕೆ ಆಯ್ತು. ನಾನೇ ನೋಡಿದೀನಿ. ಮೂತಿಯೊಳಗಿಂದ ಎದುರಿನ ಕಿಟಕಿ ಚೆನ್ನಾಗಿ ಕಾಣ್ತಿತ್ತು."

"ನೀನು ಬರೋ ಮುಂಚೆ ಕಿತ್ತು ಹಾಕಿದ್ದೆ. ನನ್ನ ಮಕ್ಕಳಾಣೆ."

"ಸುಳ್ಳಾಣೆ ಇಡಬೇಡ. ಮೊಮ್ಮಕ್ಕಳು ಕಂಡೋನು ನೀನು." ಕೆಮ್ಮು ತಡೆದುಕೊಂಡು, ಲೋಟ ಹಿಡಿದು ಒಳಗೆ ಬಂದ ಮಗಳ ಕಡೆ ತಿರುಗಿದ. "ನೋಡಮ್ಮ, ಸ್ನೇಹಿತ ಅಂದ್ರೆ ಹಿಂಗಿರಬೇಕು. ಚಿಕ್ಕಪ್ಪನ ಕೈಗೆ ಮುತ್ತು ಕೊಡು."

ಇನ್ಷಿರಾಹ್ ಲೋಟ ಕೆಳಗಿಟ್ಟು, ನನ್ನ ಬಲಗೈ ಹಿಡಿದು ತುಟಿಗೆ ಒತ್ತಿಕೊಂಡಳು.