ಓದದೇ ‘ಹೌದು’ ಎನ್ನುವವರು

“ಓದ್ಕೋತ ಕುಂತ್ರ ಕಾಯ್ದೆ ಆಗೂದು ಯಾವಾಗವಾ? ‘ಹೌದು’ ಅಂತ ಜೋರಾಗಿ ಒದರ್ರಿ, ಮುಗೀತು!”

ಹಳಿಯಾಳದ ನಮ್ಮ ಕಾಲೇಜಿನ ಅಣಕು ಸಂಸತ್ತಿಗೆ ಅತಿಥಿಯಾಗಿ ಬಂದಿದ್ದ ಹೊರಜಿಲ್ಲೆಯ ಮಾಜಿ ಸಂಸದರೊಬ್ಬರು ಹೀಗೆಂದು ಹೊಟ್ಟೆ ಕುಲುಕಿಸಿ ನಕ್ಕರು. ವನ್ಯಜೀವಿಗಳ ರಕ್ಷಣೆಗಾಗಿ, ಸಂಜೆಯ ನಂತರ ಕಾಡುದಾರಿಯಲ್ಲಿ ವಾಹನ ನಿಷೇಧಿಸುವ ಮಸೂದೆಯನ್ನು ವಿದ್ಯಾರ್ಥಿಗಳು ಮಂಡಿಸಿದ್ದರು. ಮತಕ್ಕೆ ಹಾಕುವ ಮೊದಲು ಒಂದೊಂದು ಕಲಮನ್ನೂ ಓದಬೇಕೆಂದು ವಿರೋಧ ಪಕ್ಷದ ರೋಸಿ ಪಟ್ಟು ಹಿಡಿದಿದ್ದಳು. ಕಾಡಿನ ನಡುವಿನ ಕುಂಬಾರವಾಡದ ಆ ಹುಡುಗಿಗೆ ತನ್ನೂರಿನ ಕೊನೆಯ ಬಸ್ಸಿನ ಚಿಂತೆ.

ಸಭಾಧ್ಯಕ್ಷೆಯಾಗಿದ್ದ ಸವಿತಾ ಎದ್ದು ನಿಂತಳು. “ಸರ್, ನೀವು ಪ್ರೇಕ್ಷಕರ ಗ್ಯಾಲರಿಯೊಳಗ ಕುಂತೀರಿ. ಅಲ್ಲಿದ್ದವ್ರು ಸದನದಾಗ ಮಾತಾಡೂ ಹಂಗಿಲ್ರಿ. ಸುಮ್ಮನಿರ್ರಿ, ಇಲ್ಲಾಂದ್ರ ಹೊರಗ ನಡೀಬೇಕಾಗ್ತದ.”

ಅತಿಥಿಗಳು ಮುಖ ಕೆಂಪಗೆ ಮಾಡಿಕೊಂಡು ಹೊರಟೇಬಿಟ್ಟರು. ಪ್ರಾಚಾರ್ಯರು ಸನ್ಮಾನದ ಶಾಲು ಹಿಡಿದು ಕಾರಿನವರೆಗೂ ಓಡಿದರು. ಉಪನ್ಯಾಸಕಿಯಾದ ನಾನು ಕುರ್ಚಿಯಿಂದ ಕದಲಲಿಲ್ಲ. ಮಕ್ಕಳು ಎಲ್ಲ ಕಲಮುಗಳನ್ನೂ ಓದಿ, ಬಸ್ಸು, ಆಂಬುಲೆನ್ಸ್‌ಗಳಿಗೆ ವಿನಾಯಿತಿ ಸೇರಿಸಿ, ಆಮೇಲೆಯೇ ಕೈ ಎತ್ತಿದರು.

ದೇಶಕ್ಕೆ ಕಾಯ್ದೆ ಮಾಡಿಕೊಟ್ಟ ಆ ಮಹಾಶಯರಿಗೆ ಓದುವುದೇ ತಮಾಷೆಯಾಗಿ ಕಂಡಿತ್ತು. ಗದ್ದಲದ ನಡುವೆ ಮಸೂದೆ ಪಾಸಾಯಿತೆಂದು ಟೀವಿಯಲ್ಲಿ ಕೇಳಿದಾಗಲೆಲ್ಲ, ಅಲ್ಲಿ ಇಂಥವರು ಇನ್ನೆಷ್ಟು ಮಂದಿ ಕೂತಿದ್ದಾರೋ ಎಂದು ನನಗೆ ಹೇಸಿಗೆಯಾಗುತ್ತದೆ.